ಕಲ್ಲಿನ ಹತ್ತಿರ ಎಡಕ್ಕೆ

ಲಾರಿ ಡ್ರೈವರು ದಾರಿ ತಪ್ಪುವುದಕ್ಕೆ ನೂರೆಂಟು ಕಾರಣ. ನಿದ್ದೆಗೆಟ್ಟ ಕಣ್ಣು ಒಂದು. ಎದುರು ಬಿಸಿಲು ಒಂದು. ಬೋರ್ಡಿನ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿರುತ್ತಾರೆ, ಊರಿನ ಹೆಸರು ಆ ಮನುಷ್ಯನ ಮೀಸೆಯ ಹಿಂದೆ ಉಳಿದುಬಿಡುತ್ತದೆ. ಸರಿಯಾಗಿ ತಿರುವಿನ ಹೊತ್ತಿಗೇ ಸಾವ್ಕಾರನ ಫೋನು ಬರುತ್ತದೆ, ಎಲ್ಲಿದ್ದೀಯ ಅಂತ. ಮೊದಲು ಎಡಗಡೆ ಕೂತು ನೋಡಿ ಹೇಳುವುದಕ್ಕೆ ಒಬ್ಬ ಕ್ಲೀನರ್ ಇರುತ್ತಿದ್ದ. ಈಗ ಆ ಸೀಟಿನ ಮೇಲೆ ನೀರಿನ ಕ್ಯಾನು ಕೂತಿರುತ್ತದೆ. ಕಾರಿನವನು ತಪ್ಪಿದರೆ ಅಲ್ಲೇ ತಿರುಗಿಸಿಕೊಂಡು ಬರುತ್ತಾನೆ. ಲಾರಿಯವನು ತಪ್ಪಿದರೆ ತಿರುಗಿಸುವ ಜಾಗ ಹುಡುಕಿಕೊಂಡು ಮುಂದಿನ ಊರಿನ ತನಕ ಹೋಗಬೇಕು. ನೋಡಿದವರು, ಕುಡಿದಿದ್ದಾನೆ ಬಿಡು ಅನ್ನುತ್ತಾರೆ. ಆ ಕಾರಣ ಎಲ್ಲರ ಬಾಯಿಗೂ ಸಲೀಸು.

ಓಬಯ್ಯ ಆ ಗುರುವಾರ ದಾರಿ ತಪ್ಪಿದ. ಮೇಲೆ ಹೇಳಿದ ಕಾರಣಗಳಲ್ಲಿ ಒಂದೆರಡು ಅವತ್ತೂ ಇದ್ದವು. ಆದರೆ ತಪ್ಪಿದ್ದು ಅವುಗಳಿಂದಲ್ಲ.

ಓಬಯ್ಯನಿಗೆ ಐವತ್ತೇಳು. ಮೂವತ್ತನಾಲ್ಕು ವರ್ಷ ಲಾರಿ ಓಡಿಸಿದವನು. ಪೂನಾ, ಮುಂಬೈ, ವೈಜಾಗ್ ಎಲ್ಲ ಕಂಡವನು. ಓದಿದ್ದು ಎರಡನೇ ಕ್ಲಾಸು. ತನ್ನ ಹೆಸರು ಬರೆಯುತ್ತಾನೆ, ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾನೆ. ಓದುವಷ್ಟರಲ್ಲಿ ಲಾರಿ ಬೋರ್ಡು ದಾಟಿರುತ್ತದೆ. ಹಾಗಾಗಿ ಅವನು ಬೋರ್ಡನ್ನು ನಂಬಿದವನಲ್ಲ. ಎಲ್ಲಿ ಯಾವ ಮರ, ಎಲ್ಲಿ ಯಾವ ಗ್ಯಾರೇಜು, ಯಾವ ಸೇತುವೆಯ ಮೇಲೆ ಚಕ್ರದ ಸದ್ದು ಹೇಗೆ ಬದಲಾಗುತ್ತದೆ, ಎಲ್ಲ ಮೈಯೊಳಗೆ ಇತ್ತು. ಭದ್ರಾವತಿ ಬಂತೆಂದು ಒಂದು ಕಾಲಕ್ಕೆ ಮೂಗಿಗೇ ಗೊತ್ತಾಗುತ್ತಿತ್ತು. ಕಾಗದದ ಕಾರ್ಖಾನೆ ನಿಂತಿತು, ಆ ವಾಸನೆಯೂ ಹೋಯಿತು. ಆಮೇಲೂ ಓಬಯ್ಯ ತಪ್ಪಲಿಲ್ಲ.

ಭದ್ರಾವತಿ ಅವನ ಊರೇ. ಓಲ್ಡ್ ಟೌನಿನ ಕೊನೆಗೆ ಕೇರಿ, ಕೇರಿಯಲ್ಲಿ ಶೀಟಿನ ಮನೆ. ಹೆಂಡತಿ ತೀರಿಕೊಂಡು ಆರು ವರ್ಷ. ಮನೆಯಲ್ಲಿರುವುದು ಅವ್ವ ಯಲ್ಲಮ್ಮ ಒಬ್ಬಳೇ. ಎಂಬತ್ತು ದಾಟಿದೆ. ಕಣ್ಣು ಮಂಜು. ಮೂಗಿನ ತುದಿಯಲ್ಲಿ ಒಂದು ಕರೀ ಕಲೆ, ಹಳೆಯದು. ಹೊಸಿಲಿನ ಹತ್ತಿರ ಗೋಡೆಗೊರಗಿ ಕೂತಿರುತ್ತಾಳೆ. ಯಾರು ಮನೆಗೆ ಬಂದರೂ ಅವಳು ಕೇಳುವುದು ಒಂದೇ ಮಾತು.

"ಯಾವ ಕಡೆಯಿಂದ ಬಂದೆ?"

ಓಣಿ ಕಡೆಯಿಂದ ಅಂದರೆ, "ಕೂತ್ಕೋ" ಅನ್ನುತ್ತಾಳೆ. ನೀರು ಆಮೇಲೆ, ಊಟ ಆಮೇಲೆ. ಮೊಮ್ಮಕ್ಕಳು ಇದನ್ನು ಅಣಕಿಸಿ ನಗುತ್ತಿದ್ದರು. ಅಜ್ಜಿಗೆ ಮರುಳು ಅನ್ನುತ್ತಿದ್ದರು. ಮರುಳಲ್ಲ. ಕೇರಿಗೆ ಎರಡು ದಾರಿ. ಬಸ್ಸಿನ ರಸ್ತೆಯಿಂದ ಒಳಗೆ ಬಂದರೆ ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಕಲ್ಲು. ಕಲ್ಲಿನಿಂದ ನೇರ ಹೋದರೆ ಗುಡಿಬೀದಿ. ಅಗಲವಾದ ಬೀದಿ, ನಡುವೆ ಗುಡಿ, ಬೀದಿ ಮುಗಿಯುವಲ್ಲಿ ಕೇರಿ. ಕಲ್ಲಿನ ಹತ್ತಿರ ಎಡಕ್ಕೆ ತಿರುಗಿದರೆ ಚರಂಡಿ ಓಣಿ. ಅದು ಬೀದಿಯ ಮನೆಗಳ ಕಕ್ಕಸುಗಳ ಹಿಂದೆ ಸುತ್ತಿಕೊಂಡು ಅದೇ ಕೇರಿಗೆ ಬರುತ್ತದೆ. ಕೇರಿಯವರು ಓಣಿಯಲ್ಲಿ ಬರುತ್ತಿದ್ದರು.

ಈಗ ಹಾಗೇನಿಲ್ಲ. ಬೀದಿಯಲ್ಲಿ ಆಟೋ ಓಡಾಡುತ್ತವೆ. ಕೊರಿಯರ್‌ನವರು ಓಡಾಡುತ್ತಾರೆ. ಯಾರೂ ಯಾರನ್ನೂ ಬೇಡ ಅನ್ನುವುದಿಲ್ಲ. ಯಾರೂ ಬಾ ಎಂದೂ ಅಂದಿಲ್ಲ. ಓಬಯ್ಯ ಓಣಿಯಲ್ಲೇ ಬರುತ್ತಿದ್ದ. ಯಾಕೆ ಅಂತ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಶಿವಮೊಗ್ಗದಲ್ಲಿ ಹರಿಪ್ರಸಾದನ ಲಾರಿ ಆಫೀಸು. ಓಬಯ್ಯ ಅವನ ಹತ್ತಿರ ಹನ್ನೊಂದು ವರ್ಷದಿಂದ ಇದ್ದಾನೆ. ಬುಧವಾರ ಸಂಜೆ ಹೊಸಪೇಟೆಯಲ್ಲಿ ಲೋಡು ಇಳಿಸಿ ಬಂದು ಆಫೀಸಿನ ಮುಂದೆ ಇಳಿದ. ಎರಡು ದಿನದಿಂದ ಮಲಗಿರಲಿಲ್ಲ. ಇಳಿದಾಗ ನೆಲ ಇನ್ನೂ ಓಡುತ್ತಿತ್ತು.

"ಓಬಯ್ಯ, ಬೆಳಿಗ್ಗೆ ಒಂದು ಲೋಡು ಇದೆ. ಭದ್ರಾವತಿಗೆ" ಅಂದ ಹರಿಪ್ರಸಾದ್.

"ಬೇರೆ ಯಾರನ್ನಾದ್ರೂ ಕಳಿಸಿ ಸಾರ್. ಕಣ್ಣು ಮುಚ್ಚಿಲ್ಲ ನಾನು."

"ಯಾರಿದ್ದಾರೆ ಹೇಳು. ಹದಿನೆಂಟು ಕಿಲೋಮೀಟರು ಮಾರಾಯ, ಅದೊಂದು ಟ್ರಿಪ್ಪಾ? ಗುಡಿಗೆ ಕಂಬದ ಮರ. ಪುಣ್ಯದ ಕೆಲಸ. ನಿಮ್ಮೂರೇ ಅಲ್ವಾ, ಕಣ್ಣು ಮುಚ್ಕೊಂಡು ಹೋಗ್ತೀಯ."

ಮರ ಸಾಮಿಲ್ಲಿನಲ್ಲಿತ್ತು. ರಾತ್ರಿಯೇ ಲಾರಿಯನ್ನು ಅಲ್ಲಿ ತಂದು ನಿಲ್ಲಿಸಿದ, ಗರಗಸದ ಸದ್ದಿಗೆ ಆ ರಾತ್ರಿಯೂ ಕಣ್ಣು ಹತ್ತಲಿಲ್ಲ. ಮೂವತ್ತೆಂಟು ಅಡಿ ಸಾಗವಾನಿ. ಗುಡಿಯ ಮುಂದೆ ನಿಲ್ಲಿಸುವ ಧ್ವಜದ ಕಂಬಕ್ಕೆ ತಂದದ್ದು. ಗುರುವಾರ ಬೆಳಿಗ್ಗೆ ಕ್ರೇನಿನಲ್ಲಿ ಎತ್ತಿ ಲಾರಿಗೆ ಹಾಕಿದರು. ಬಾಡಿಯಿಂದ ಹಿಂದಕ್ಕೆ ಒಂದು ಆಳಿಗಿಂತ ಉದ್ದ ಚಾಚಿಕೊಂಡಿತ್ತು. ಓಬಯ್ಯ ತುದಿಗೆ ಕೆಂಪು ಬಟ್ಟೆ ಕಟ್ಟಿದ. ಗುಡಿ ಸಮಿತಿಯ ಕಾರ್ಯದರ್ಶಿ ಸುಘೋಷ ಅಂತ, ಮೂವತ್ತರ ಒಳಗಿನ ಹುಡುಗ, ಕಾರಿನಲ್ಲಿ ಬಂದಿದ್ದ. ಮರಕ್ಕೆ ಹಾರ ಹಾಕಿ ಕುಂಕುಮ ಇಟ್ಟ.

"ಡ್ರೈವರ್ ಯಾರು?" ಅಂದ ಹರಿಪ್ರಸಾದನಿಗೆ.

"ನಿಮ್ಮೂರಿನವನೇ. ಓಲ್ಡ್ ಟೌನು."

"ಹಾಗಾದ್ರೆ ದಾರಿ ಹೇಳೋದೇ ಬೇಡ. ನೋಡಪ್ಪಾ, ಹತ್ತೂಮುಕ್ಕಾಲಿಗೆ ಮುಹೂರ್ತ. ಹತ್ತಕ್ಕೆ ಮರ ಗುಡಿ ಮುಂದೆ ಇರಬೇಕು. ನಾವು ಮುಂದೆ ಹೋಗಿರ್ತೀವಿ."

ಸುಘೋಷನ ಕಾರು ಹೋಯಿತು. ಓಬಯ್ಯ ಮುಖಕ್ಕೆ ನೀರು ಹಾಕಿಕೊಂಡು ಹತ್ತಿದ.

ಮಲವಗೊಪ್ಪ ದಾಟಿದ್ದು ನೆನಪಿದೆ. ಅಲ್ಲಿ ಒಂದು ಎಮ್ಮೆ ಅಡ್ಡ ಬಂತು, ನಿಲ್ಲಿಸಿದ. ಆಮೇಲಿನದು ನೆನಪಿಲ್ಲ. ನಿದ್ದೆ ಬಂದಿರಲಿಲ್ಲ. ಕಣ್ಣು ತೆರೆದೇ ಇತ್ತು. ಡ್ರೈವರುಗಳಿಗೆ ಗೊತ್ತು ಇದು. ಕಾಲು ತನ್ನ ಪಾಡಿಗೆ ಬ್ರೇಕು ಮೆಟ್ಟುತ್ತದೆ, ಕೈ ತನ್ನ ಪಾಡಿಗೆ ಗೇರು ಹಾಕುತ್ತದೆ. ತಲೆ ಎಲ್ಲೋ ಇರುತ್ತದೆ, ಎಲ್ಲೂ ಇರುವುದಿಲ್ಲ. ಒಂದು ತಾಸು ಹೀಗೆ ಓಡಿಸಿ ಇಳಿದು, ಇಲ್ಲಿಗೆ ಹೇಗೆ ಬಂದೆ ಎಂದು ತಾವೇ ಕೇಳಿಕೊಳ್ಳುತ್ತಾರೆ. ಗೊತ್ತಿಲ್ಲದ ದಾರಿಯಲ್ಲಿ ಹೀಗಾಗುವುದಿಲ್ಲ. ಗೊತ್ತಿರುವ ದಾರಿಯಲ್ಲೇ ಆಗುವುದು.

ಊರೊಳಗೆ ಬಂದ. ಬಸ್ಸಿನ ರಸ್ತೆ ಬಿಟ್ಟ. ಎದುರಿಗೆ ಗುಡಿಬೀದಿ ಕಂಡಿತು. ಬೀದಿಗೆ ಅಡ್ಡಲಾಗಿ ಮಾವಿನ ತೋರಣ, ಶಾಮಿಯಾನ. ಜನ ಕೈ ಬೀಸಿ ಬಾ ಬಾ ಎನ್ನುತ್ತಿದ್ದರು. ಮೈಕಿನಲ್ಲಿ ಯಾರೋ, ಮರ ಬಂತು ಅಂದರು. ಓಬಯ್ಯನ ಕಣ್ಣಿಗೆ ಎಲ್ಲ ಕಂಡಿತು. ಕಲ್ಲಿನ ಹತ್ತಿರ ಬಂದಾಗ ಕೈ ಸ್ಟೀರಿಂಗನ್ನು ಎಡಕ್ಕೆ ಎಳೆಯಿತು.

ಅವನು ಎಳೆಯಲಿಲ್ಲ. ಕೈ ಎಳೆಯಿತು.

ಲಾರಿಯ ಮೂತಿ ಚರಂಡಿ ಓಣಿಗೆ ಹೊಕ್ಕಿತು. ಹಿಂದೆ ಚಾಚಿದ್ದ ಮರ ಬಲಕ್ಕೆ ಬೀಸಿ ಲೈಟಿನ ಕಂಬಕ್ಕೆ ಬಡಿಯಿತು. ಕಂಬ ಬಾಗಿತು. ಮೈಕು ಅರ್ಧ ಮಾತಿನಲ್ಲೇ ಸತ್ತಿತು. ಎಡಗಡೆ ಹಿಂದಿನ ಚಕ್ರದ ಕೆಳಗೆ ಚರಂಡಿಯ ಚಪ್ಪಡಿ ಮುರಿದು ಲಾರಿ ಒಂದು ಮಗ್ಗುಲಾಗಿ ಕೂತಿತು. ಅಷ್ಟು ಹೊತ್ತಿಗೆ ಓಬಯ್ಯನಿಗೆ ತಲೆ ಬಂತು.

ಓಣಿಯ ಬಾಯಲ್ಲಿ ಹುಚ್ಚಮ್ಮನ ಮನೆ. ಸೊಪ್ಪು ಮಾರುವವಳು, ಕೇರಿಯವಳೇ. ಅವಳ ತಗಡಿನ ಬಚ್ಚಲು ಲಾರಿಯ ಬಂಪರಿಗೆ ಸಿಕ್ಕಿ ಮಡಚಿಕೊಂಡಿತ್ತು. ಅವಳು ಸೆರಗು ಸಿಗಿಸಿಕೊಂಡು ಹೊರಗೆ ಬಂದಳು.

"ಏನ್ ಓಬಯ್ಯಣ್ಣ! ದೇವರ ಮರ ತಂದು ನನ್ನ ಬಚ್ಚಲಲ್ಲಿ ನೆಡ್ತೀಯಾ? ನಾನೇನು ಅಷ್ಟು ಪುಣ್ಯ ಮಾಡಿದ್ನಾ?"

ಓಬಯ್ಯ ಕೆಳಗಿಳಿದು ಚಕ್ರ ನೋಡಿದ. ಅರ್ಧ ಚಕ್ರ ಹೊಲಸಿನಲ್ಲಿತ್ತು.

"ಒಳಗೆ ಯಾರೂ ಇರ್ಲಿಲ್ವಲ್ಲ?" ಅಂದ.

"ಇದ್ದಿದ್ರೆ ಇಷ್ಟು ಹೊತ್ತಿಗೆ ನಿನ್ನ ಲಾರಿ ಸುಟ್ಟಿರ್ತಿದ್ರು. ಅಣ್ಣಾ, ಬೀದಿ ಅಷ್ಟಗಲ ಬಾಯಿ ಬಿಟ್ಕೊಂಡು ಇತ್ತಲ್ಲ. ಈ ಸಂದಿಗೆ ಯಾಕೆ ತಿರುಗಿಸಿದೆ?"

ಓಬಯ್ಯ ಕಲ್ಲನ್ನು ನೋಡಿದ.

ಅವನಿಗೆ ಏಳು ವರ್ಷವಿದ್ದಾಗಿನ ಮಾತು. ಸೈಕಲ್ಲಿನ ಹಳೇ ಟೈರೊಂದು ಸಿಕ್ಕಿತ್ತು. ಕೋಲಿನಲ್ಲಿ ಹೊಡೆದುಕೊಂಡು ಊರೆಲ್ಲ ಓಡುತ್ತಿದ್ದ. ಒಂದು ಮಧ್ಯಾಹ್ನ ಕಲ್ಲಿನ ಹತ್ತಿರ ಅವನು ಎಡಕ್ಕೆ ತಿರುಗಿದ. ಟೈರು ನೇರ ಹೋಯಿತು. ಟೈರಿಗೇನು ಗೊತ್ತು. ಬೀದಿಯೊಳಗೆ ಉರುಳಿ ಏಳನೆಯ ಮನೆಯ ರಂಗೋಲಿಯ ಮೇಲೆ ಬಿತ್ತು. ಹುಡುಗ ಹಿಂದೆ ಓಡಿ ಎತ್ತಿಕೊಂಡು ಬಂದ.

ಸಂಜೆ ಅವ್ವನನ್ನು ಕರೆಸಿದರು. ಕಲ್ಲಿನ ಎದುರಿನ ಮೊದಲ ಮನೆ ಆಗ ದೊಡ್ಡ ಅಯ್ನೋರದು. ಅವರು ಜಗಲಿಯ ಮೇಲೆ ಕೂತಿದ್ದರು. ಬೈಯಲಿಲ್ಲ, ಕೂಗಾಡಲಿಲ್ಲ. ಮೆತ್ತಗೆ ಹೇಳಿದರು. ಕಲ್ಲಿನಿಂದ ಚರಂಡಿಯ ತನಕ ಮೂಗು ತಿಕ್ಕಿಕೊಂಡು ಹೋಗು ಅಂದರು. ಬೇಸಿಗೆ. ಜಲ್ಲಿ ಹಾಕಿದ ನೆಲ. ಯಲ್ಲಮ್ಮ ಮಂಡಿಯೂರಿದಳು. ಎಂಟು ಮಾರು ದೂರ. ಹುಡುಗ ಟೈರು ಹಿಡಿದುಕೊಂಡೇ ನಿಂತಿದ್ದ, ಯಾರೂ ಅದನ್ನು ಕಿತ್ತುಕೊಂಡಿರಲಿಲ್ಲ. ಅವ್ವ ಎದ್ದಾಗ ಮೂಗಿನ ತುದಿಯಲ್ಲಿ ತೊಗಲು ಇರಲಿಲ್ಲ. ಅವಳು ಅಳಲಿಲ್ಲ. ಅವನ ಕಿವಿ ಹಿಡಿದು ಓಣಿಗೆ ತಿರುಗಿಸಿದಳು.

ಮರುದಿನದಿಂದ ಅವ್ವ ದಿನವೂ ಅವನನ್ನು ಕಲ್ಲಿನ ತನಕ ಕರೆತಂದಳು. ಕಲ್ಲಿನ ಹತ್ತಿರ ಬಂದ ಕೂಡಲೇ ಪೊರಕೆ ಕಡ್ಡಿಯಿಂದ ಮೀನಖಂಡಕ್ಕೆ ಒಂದು ಏಟು.

"ಕಲ್ಲಿನ ಹತ್ತಿರ?"

"ಎಡಕ್ಕೆ."

ಮಳೆಗಾಲ ಮುಗಿಯುವ ತನಕ ಹೊಡೆದಳು. ಆಮೇಲೆ ಹೊಡೆಯುವುದು ಬೇಕಾಗಲಿಲ್ಲ.

ಸುಘೋಷ ಓಡಿ ಬಂದ. ಪಂಚೆ ಎತ್ತಿ ಹಿಡಿದಿದ್ದ. "ಏನ್ ಮಾಡಿದೆಯೋ! ಇಷ್ಟು ದೊಡ್ಡ ಬೀದಿ ಕಣ್ಣಿಗೆ ಕಾಣಲಿಲ್ವಾ? ಎಷ್ಟು ಜನ ಬಂದಿದ್ದಾರೆ ಗೊತ್ತಾ?" ಅಂದ. ಹರಿಪ್ರಸಾದನಿಗೆ ಫೋನು ಹೋಯಿತು. ಕ್ರೇನು ಶಿವಮೊಗ್ಗದಿಂದ ಬರಬೇಕು, ಒಂದೂವರೆ ತಾಸು ಅಂದರು. ಗಂಟೆ ಹತ್ತು ಕಾಲಾಗಿತ್ತು.

ಕೇರಿಗೆ ಹೇಳಿ ಕಳಿಸಿದರು.

ಇಪ್ಪತ್ತಾರು ಜನ ಬಂದರು. ಓಬಯ್ಯನ ತಮ್ಮನ ಮಗ ಯುವರಾಜ್ ಮುಂದೆ ಇದ್ದ. ಕಬ್ಬಿಣದ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡುವವನು, ಭಾರ ಎತ್ತುವುದು ಗೊತ್ತಿತ್ತು. ಚರಂಡಿಗೆ ಇಳಿದು ಚಕ್ರದ ಕೆಳಗೆ ಕಲ್ಲು ಕೊಟ್ಟರು. ತೊಡೆಯ ತನಕ ಹೊಲಸು. ಲಾರಿ ಮೇಲೇಳಲಿಲ್ಲ. ಮರ ಇಳಿಸಿದರೆ ಏಳುತ್ತದೆ ಅಂದ ಯುವರಾಜ್. ಹಗ್ಗ ಹಾಕಿ ಇಳಿಸಿದರು. ಒಬ್ಬನ ಬೆರಳು ಸಿಕ್ಕಿ ಉಗುರು ಕಿತ್ತಿತು. ಅವನು ಬೆರಳನ್ನು ಬಾಯಲ್ಲಿ ಇಟ್ಟುಕೊಂಡು ಮತ್ತೆ ಹೆಗಲು ಕೊಟ್ಟ. ಅಡ್ಡ ಬೊಂಬು ಕೊಟ್ಟು ಮರವನ್ನು ಹೆಗಲಿಗೆ ಎತ್ತಿಕೊಂಡರು. ಇಪ್ಪತ್ತಾರು ಜನರಿಗೂ ಅದು ಹೆಚ್ಚಿನ ಭಾರ. ಕುತ್ತಿಗೆಯ ನರ ಉಬ್ಬಿ ನಿಂತವು. ಓಬಯ್ಯನೂ ಹೆಗಲು ಕೊಟ್ಟ.

ಹೆಜ್ಜೆ ಹೆಜ್ಜೆ ಇಟ್ಟು ಕಲ್ಲಿನ ತನಕ ತಂದರು. ಅಲ್ಲಿ ಬೀದಿಯ ಗಂಡಸರು ಶಲ್ಯ ಸೊಂಟಕ್ಕೆ ಕಟ್ಟಿ ನಿಂತಿದ್ದರು. ಯಾರೂ ಏನೂ ಹೇಳಲಿಲ್ಲ. ಕಲ್ಲಿನ ಹತ್ತಿರ ಹೆಗಲು ಬದಲಾಯಿತು. ಕೇರಿಯವರು ಒಬ್ಬೊಬ್ಬರಾಗಿ ಕೆಳಗೆ ಸರಿದರು, ಬೀದಿಯವರು ಒಬ್ಬೊಬ್ಬರಾಗಿ ಸೇರಿಕೊಂಡರು. ಯಾರಾದರೂ ಕಲಿಸಿಕೊಟ್ಟ ಹಾಗೆ ಇತ್ತು. ಒಬ್ಬ ತಾಮ್ರದ ಬಿಂದಿಗೆಯಿಂದ ಮರದ ಉದ್ದಕ್ಕೂ ನೀರು ಹಾಕಿಕೊಂಡು ಬಂದ. ಹೆಗಲು ಬದಲಾದ ಮೇಲೆ ಫೋಟೋದವನು ಮುಂದೆ ಬಂದ.

"ನೋಡಿದ್ಯಾ ದೊಡ್ಡಪ್ಪ, ಹೆಗಲಿಗೆ ನಾವು, ಫೋಟೋಕ್ಕೆ ಅವರು" ಅಂದ ಯುವರಾಜ್. ಕಾಲಿಂದ ಹೊಲಸು ಇಳಿಯುತ್ತಿತ್ತು.

ಮರ ಗುಡಿಯ ಮುಂದೆ ಹೋಗಿ ಬಿದ್ದಾಗ ಹನ್ನೊಂದೂ ಇಪ್ಪತ್ತು. ಮುಹೂರ್ತ ಹೋಗಿತ್ತು. ಆದರೂ ಅಡುಗೆ ಆಗಿತ್ತು, ಊಟ ನಡೆಯಿತು. ಕೇರಿಯವರಿಗೆ ಚಿತ್ರಾನ್ನದ ಪೊಟ್ಟಣ ಕಲ್ಲಿನ ಹತ್ತಿರಕ್ಕೇ ಬಂತು. ಯುವರಾಜ್ ತನ್ನ ಪೊಟ್ಟಣ ಬಿಚ್ಚದೆ ಹುಚ್ಚಮ್ಮನ ಕೈಗೆ ಕೊಟ್ಟು ಹೋದ. "ನನ್ನ ಬಚ್ಚಲಿನ ಬಾಬ್ತು ಇಷ್ಟೇನಾ?" ಅಂದಳು ಅವಳು.

ಮೂರು ಗಂಟೆಗೆ ಓಬಯ್ಯನನ್ನು ಕರೆದರು. ದೂರವೇನಿಲ್ಲ. ಕಲ್ಲಿನ ಎದುರಿನ ಅದೇ ಮೊದಲ ಮನೆಯ ಜಗಲಿ. ಮೂರು ಮೆಟ್ಟಿಲು. ಜಗಲಿಯ ಮೇಲೆ ಸುಘೋಷ, ಸಮಿತಿಯ ನಾಲ್ಕು ಜನ, ಶಿವಮೊಗ್ಗದಿಂದ ಬಂದಿದ್ದ ಹರಿಪ್ರಸಾದ್ ಇದ್ದರು. ಗೋಡೆಗೊರಗಿ ಯಜ್ಞನಾರಾಯಣಯ್ಯ ಕೂತಿದ್ದರು, ಆ ದೊಡ್ಡ ಅಯ್ನೋರ ಮಗ. ಈಗ ಇವರಿಗೂ ಎಪ್ಪತ್ತೈದು. ಸುಘೋಷನಿಗೆ ಅಜ್ಜನಾಗಬೇಕು. ಓಬಯ್ಯ ಕೆಳಗೆ ಕಲ್ಲಿನ ಪಕ್ಕ ನಿಂತ. ಪ್ಯಾಂಟಿನ ಮೇಲೆ ಚರಂಡಿಯ ಹೊಲಸು ಒಣಗಿ ಬಿರಿದಿತ್ತು.

ಸುಘೋಷನ ಕೈಯಲ್ಲಿ ಟೈಪು ಮಾಡಿದ ಕಾಗದ. ಗಟ್ಟಿಯಾಗಿ ಓದಿದ. ಓಬಯ್ಯನೆಂಬ ನಾನು ದಿನಾಂಕ ಇಷ್ಟರಂದು ಕುಡಿದ ಅಮಲಿನಲ್ಲಿ ವಾಹನ ಚಲಾಯಿಸಿ, ದಾರಿ ತಪ್ಪಿ, ದೇವರ ಕಾರ್ಯಕ್ಕೆ ಭಂಗ ತಂದಿರುತ್ತೇನೆ. ಇದಕ್ಕೆ ನಾನೇ ಹೊಣೆ. ಯಾರ ಬಲವಂತವೂ ಇಲ್ಲದೆ ಬರೆದುಕೊಟ್ಟಿದ್ದೇನೆ.

"ಇದಕ್ಕೆ ಸೈನ್ ಹಾಕು. ನಾಳೆ ಸ್ಟೇಷನ್ನಿಗೆ ಒಂದು ಕಾಪಿ ಕೊಡ್ತೀವಿ, ಅಷ್ಟೇ. ಭಕ್ತರಿಗೆ ನಾವು ಉತ್ತರ ಹೇಳಬೇಕಲ್ಲ" ಅಂದ.

ಓಬಯ್ಯ ಹರಿಪ್ರಸಾದನ ಮುಖ ನೋಡಿದ. ಹರಿಪ್ರಸಾದ್ ಜಗಲಿಯ ಅಂಚಿಗೆ ಬಂದು ಬಗ್ಗಿ ಮೆಲ್ಲಗೆ ಹೇಳಿದ.

"ನೀನು ಕುಡಿಯಲ್ಲ ಅಂತ ನಂಗೆ ಗೊತ್ತಿಲ್ವಾ? ಆದ್ರೆ ಇವರಿಗೆ ಒಂದು ಕಾರಣ ಬೇಕು ಮಾರಾಯ. ಹಾಕ್ಬಿಡು. ಲೈಸೆನ್ಸು ಕೆಲವು ತಿಂಗಳು ಹೋಗುತ್ತೆ. ಆಮೇಲೆ ನಾನಿದ್ದೀನಿ, ಕೈಬಿಡಲ್ಲ. ಹಾಕದೆ ಇದ್ರೆ ನೀನು ನಾಳೆಯಿಂದ ಬರೋದು ಬೇಡ."

"ನಿದ್ದೆ ಇರ್ಲಿಲ್ಲ ಅಂತ ಬರೀರಿ ಸಾರ್. ಅದು ನಿಜ. ನಿನ್ನೆ ಹೇಳಿದ್ನಲ್ಲ ನಿಮಗೆ."

"ಹಾಗೆ ಬರೆದ್ರೆ ನಿದ್ದೆಗೆಟ್ಟವನನ್ನ ಯಾಕೆ ಕಳಿಸಿದೆ ಅಂತ ನನ್ನ ಕುತ್ತಿಗೆ ಹಿಡೀತಾರೆ."

ಒಂದು ಹೊತ್ತು ಓಬಯ್ಯನಿಗೆ ಹಾಕಿಬಿಡೋಣ ಎನಿಸಿತು. ಕಾಲು ನೋಯುತ್ತಿತ್ತು. ಮಲಗಬೇಕಿತ್ತು. ಹೆಸರು ಬರೆಯುವುದು ನಾಲ್ಕು ಗೀಟಿನ ಕೆಲಸ. ಆದರೆ ಮೂವತ್ತನಾಲ್ಕು ವರ್ಷ ಅವನು ಒಂದು ತೊಟ್ಟು ಮುಟ್ಟಿದವನಲ್ಲ. ಢಾಬಾಗಳಲ್ಲಿ ಬಾಟಲಿಯ ನಡುವೆ ಕೂತು ಮಜ್ಜಿಗೆ ಕುಡಿದು ಎದ್ದುಬಂದವನು. ಅವನ ಹತ್ತಿರ ಇದ್ದ ಆಸ್ತಿ ಅದೊಂದೇ. ಡ್ರೈವರ್ ಓಬಯ್ಯ ಅಂದರೆ ಕುಡಿಯದವನು ಎಂದು ಹುಬ್ಬಳ್ಳಿಯ ತನಕ ಗೊತ್ತಿತ್ತು.

"ಕುಡಿದಿಲ್ಲ ನಾನು" ಅಂದ.

"ಕುಡಿಯದವನು ನೇರ ಇರೋ ಬೀದಿ ಬಿಟ್ಟು ಚರಂಡಿಗೆ ಬಿಡ್ತಾನಾ?" ಅಂದ ಸಮಿತಿಯವನೊಬ್ಬ. ಉಳಿದವರು ನಕ್ಕರು.

"ಕುಡಿದಿದ್ರೆ ನೇರ ಹೋಗಿರ್ತಿದ್ದೆ ಸ್ವಾಮಿ. ಕುಡಿದವನಿಗೆ ಭಯ ಇರಲ್ಲ."

"ಏನು ಭಯ?" ಅಂದ ಸುಘೋಷ.

ಓಬಯ್ಯ ಬೇಗ ಮಾತಾಡುವವನಲ್ಲ. ಕಲ್ಲಿನ ಮೇಲೆ ಕೈ ಇಟ್ಟ. ಕಲ್ಲು ಬಿಸಿಯಾಗಿತ್ತು.

"ನಿಮಗೆ ಕಾರಣ ಬೇಕಲ್ಲ. ಹೇಳ್ತೀನಿ, ಬರ್ಕೊಳ್ಳಿ. ಈ ಬೀದಿಗೆ ನಾನು ಏಳು ವರ್ಷದವನಿದ್ದಾಗ ಒಂದ್ಸಲ ಹೋಗಿದ್ದೆ. ಅದಕ್ಕೆ ನಮ್ಮವ್ವನ ಕೈಲಿ ಇಲ್ಲಿಂದ ಚರಂಡಿ ತನಕ ಮೂಗು ತಿಕ್ಕಿಸಿದ್ರು. ಇದೇ ಜಗಲಿ. ಅವ್ವ ನನ್ನ ಹೊಡೆದು ಕಲಿಸಿದ್ಲು, ಕಲ್ಲಿನ ಹತ್ತಿರ ಎಡಕ್ಕೆ ಅಂತ. ಐವತ್ತು ವರ್ಷ ಎಡಕ್ಕೇ ತಿರುಗಿದ್ದೀನಿ. ಇವತ್ತೂ ಕೈ ತಿರುಗ್ತು. ಅದನ್ನ ಬರೀರಿ. ಸೈನು ಹಾಕ್ತೀನಿ."

ಬೀದಿಯಲ್ಲಿ ಉಂಡ ಎಲೆ ಎತ್ತುವ ಸದ್ದು.

"ಇದೆಲ್ಲ ಈಗ ಯಾಕೆ ತರ್ತೀಯ?" ಅಂದ ಸುಘೋಷ. ಅವನ ಮುಖ ಕೆಂಪಾಗಿತ್ತು. "ಯಾವ ಕಾಲದ ಮಾತು ಅದು? ಈಗ ಯಾರಾದ್ರೂ ನಿಂಗೆ ಬರಬೇಡ ಅಂದಿದ್ದಾರಾ? ನಾನು ಅಂದಿದ್ದೀನಾ?"

"ಇಲ್ಲ."

"ಮತ್ತೆ?"

"ಬೆಳಿಗ್ಗೆ ಇಲ್ಲಿ ಹೆಗಲು ಯಾಕೆ ಬದಲಾಯ್ತು ಹೇಳಿ. ನಾನೂ ಬರೆಸೋದು ಬಿಡ್ತೀನಿ."

ಸುಘೋಷ ಹಿಂದೆ ತಿರುಗಿ ಅಜ್ಜನನ್ನು ನೋಡಿದ. ಯಜ್ಞನಾರಾಯಣಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು.

"ಅಯ್ನೋರೇ, ನೀವು ಅವತ್ತು ಬಾಗಿಲ ಹತ್ತಿರ ನಿಂತಿದ್ರಿ. ನಿಮ್ಮ ಕೈಲಿ ನೀರಿನ ಚೊಂಬು ಇತ್ತು" ಅಂದ ಓಬಯ್ಯ.

"ನಂಗೆ ಅದೆಲ್ಲ ನೆನಪಿಲ್ಲಪ್ಪ" ಅಂದರು ಅವರು. ಕನ್ನಡಕ ಇನ್ನೂ ಒರೆಸುತ್ತಿದ್ದರು.

"ನಿಮಗೆ ಹೇಗೆ ನೆನಪಿರುತ್ತೆ? ಮೂಗು ನಮ್ಮದು."

ಸಮಿತಿಯವನೊಬ್ಬ ಎದ್ದ. "ಸುಮ್ನೆ ಕಥೆ ಕಟ್ತಾನೆ. ಕುಡಿದವರು ಮಾತಾಡೋದೇ ಹೀಗೆ. ಈಗಲೂ ಇಳಿದಿಲ್ಲ ಇವನಿಗೆ."

ಓಬಯ್ಯ ಕಲ್ಲಿನಿಂದ ಕೈ ತೆಗೆದ. ಎರಡು ಹೆಜ್ಜೆ ಮುಂದೆ ಬಂದು ಮೆಟ್ಟಿಲ ಹತ್ತಿರ ನಿಂತ.

"ಹಾಗಾದ್ರೆ ಬನ್ನಿ. ಬಾಯಿ ಮೂಸಿ ನೋಡಿ."

ಅವನು ಬಾಯಿ ತೆರೆದ. ಮುಖ ಮೇಲೆತ್ತಿ ಹಾಗೇ ನಿಂತ. ಎಲೆ ಅಡಿಕೆ ತಿಂದು ಕಲೆಯಾದ ಹಲ್ಲು, ಒಣಗಿದ ನಾಲಗೆ. ಮೂರು ಮೆಟ್ಟಿಲು. ಒಬ್ಬನು ಇಳಿದರೆ ಸಾಕಿತ್ತು. ಒಬ್ಬನು ಇಳಿದು ಅವನ ಬಾಯಿಯ ಹತ್ತಿರ ಮೂಗು ತಂದಿದ್ದರೆ ಕುಡಿದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು. ಎಲೆ ಎತ್ತುವವರೂ ನಿಂತು ನೋಡಿದರು. ಹುಚ್ಚಮ್ಮ ಓಣಿಯ ಬಾಯಲ್ಲಿ ನಿಂತು ನೋಡಿದಳು. ಎಷ್ಟು ಹೊತ್ತು ನಿಂತನೋ. ದವಡೆ ನೋಯುವ ತನಕ ನಿಂತ.

ಯಾರೂ ಇಳಿಯಲಿಲ್ಲ. ಎದ್ದಿದ್ದವನು ಕೂತ.

ಓಬಯ್ಯ ಬಾಯಿ ಮುಚ್ಚಿದ. ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ಮರಗಟ್ಟಿದ ಕಾಲಿನ ಹಾಗೆ. ಅಂಗಿಯ ಜೇಬಿನಿಂದ ಲಾರಿಯ ಕೀ ತೆಗೆದು ಕಲ್ಲಿನ ಮೇಲೆ ಇಟ್ಟ.

"ಸಾರ್, ಚಕ್ರದ ಕೆಳಗೆ ಕಲ್ಲು ಕೊಟ್ಟಿದ್ದಾರೆ. ತೆಗೆಯೋವಾಗ ಹುಷಾರು, ಎಡಕ್ಕೆ ವಾಲುತ್ತೆ."

"ಓಬಯ್ಯ, ದುಡುಕಬೇಡ. ಈ ವಯಸ್ಸಲ್ಲಿ ನಿಂಗೆ ಯಾರು ಲಾರಿ ಕೊಡ್ತಾರೆ?" ಅಂದ ಹರಿಪ್ರಸಾದ್.

"ಕೊಡಲ್ಲ" ಅಂದ ಓಬಯ್ಯ.

ಸುಘೋಷ ಕಾಗದ ಚಾಚಿಕೊಂಡೇ ಇದ್ದ. "ನಾವು ಕಂಪ್ಲೇಂಟ್ ಕೊಡ್ತೀವಿ ಮತ್ತೆ."

"ಕೊಡಿ. ಅಲ್ಲಿ ಊದಿಸಿ ನೋಡೋ ಮಿಷಿನ್ ಇರುತ್ತೆ. ಅದು ಜಾತಿ ಕೇಳಲ್ಲ. ಬೇಕಾದ್ರೆ ಈಗಲೇ ಬರ್ತೀನಿ ನಡೀರಿ."

ಯಾರೂ ನಡೆಯಲಿಲ್ಲ. ಓಬಯ್ಯ ಮನೆಗೆ ಹೊರಟ.

ಕಾಲು ಎಡಕ್ಕೆ ಹೋಯಿತು. ಒಂದು ಹೆಜ್ಜೆ ಓಣಿಗೆ ಇಟ್ಟೂ ಆಗಿತ್ತು. ನಿಂತ. ಕಾಲು ನೋಡಿಕೊಂಡ. ಲಾರಿಯನ್ನು ಹಿಂದಕ್ಕೆ ತೆಗೆಯುವ ಹಾಗೆ ಮೆಲ್ಲಗೆ ಆ ಕಾಲನ್ನು ಹಿಂದಕ್ಕೆ ತೆಗೆದ. ನೇರ ತಿರುಗಿ ಬೀದಿಯೊಳಗೆ ನಡೆದ.

ಲಾರಿಯವರಿಗೆ ಏನನ್ನಾದರೂ ಎಣಿಸುವ ಚಾಳಿ. ಅವನು ಹೆಜ್ಜೆ ಎಣಿಸಿದ. ಮೂವತ್ತನೆಯ ಹೆಜ್ಜೆಗೆ ಒಂದು ಸ್ಕೂಟರು. ಐವತ್ತಕ್ಕೆ ಏಳನೆಯ ಮನೆ, ಅಲ್ಲಿ ಈಗ ರಂಗೋಲಿಯ ಬದಲು ಸ್ಟಿಕ್ಕರ್ ಅಂಟಿಸಿದ್ದರು. ಒಂದು ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು, ಅವನನ್ನು ನೋಡಿದಳು, ಮತ್ತೆ ಬಟ್ಟೆ ನೋಡಿಕೊಂಡಳು. ಗುಡಿಯ ಮುಂದೆ ಮರ ಬಿದ್ದಿತ್ತು. ಹಾರ ಬಾಡಿತ್ತು. ಅವನು ಕಟ್ಟಿದ ಕೆಂಪು ಬಟ್ಟೆ ತುದಿಯಲ್ಲಿ ಹಾಗೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಅವನು ಮುಟ್ಟಲಿಲ್ಲ. ಒಂದು ನಾಯಿ ಬಂದು ಪ್ಯಾಂಟಿನ ಹೊಲಸು ಮೂಸಿತು. ಬೀದಿ ಅಂದರೆ ಬೀದಿ. ಬೇರೇನೂ ಇರಲಿಲ್ಲ. ಹಿಂದಿನಿಂದ ಯಾರೂ ಕೂಗಲಿಲ್ಲ. ಅವನು ತಿರುಗಿ ನೋಡಲಿಲ್ಲ.

ಯಲ್ಲಮ್ಮ ಹೊಸಿಲಿನ ಹತ್ತಿರ ಕೂತಿದ್ದಳು. ಹೆಜ್ಜೆಯ ಸದ್ದಿಗೆ ತಲೆ ಎತ್ತಿದಳು.

"ಯಾವ ಕಡೆಯಿಂದ ಬಂದೆ?"

"ನೇರ ಬಂದೆ."

"ಆಂ?"

"ಬೀದಿಯಲ್ಲಿ ಬಂದೆ ಅವ್ವ."

ಅವಳು ಗೋಡೆ ಹಿಡಿದು ಎದ್ದಳು. ಏಳುವುದಕ್ಕೆ ಬಹಳ ಹೊತ್ತು ಬೇಕಾಯಿತು. ಅವನ ತೋಳು ಹಿಡಿದು ಒಳಗೆ ಎಳೆದುಕೊಂಡಳು. ಬಾಗಿಲು ಹಾಕಿದಳು. ತಡವರಿಸಿ ಚಿಲಕ ಸಿಗಿಸಿದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಉಸಿರು ಬಿಗಿಹಿಡಿದು ಹೊರಗಿನ ಸದ್ದಿಗೆ ಕಿವಿ ಕೊಟ್ಟಳು.

ಯಾರೂ ಬರಲಿಲ್ಲ. ದೂರದಲ್ಲಿ ಹುಚ್ಚಮ್ಮ ತಗಡು ಬಡಿದು ನೆಟ್ಟಗೆ ಮಾಡುತ್ತಿದ್ದಳು.

ಓಬಯ್ಯ ನೆಲದ ಮೇಲೆ ಕೂತ. ಮೂರು ದಿನದ ನಿದ್ದೆ ಒಟ್ಟಿಗೆ ಬರುತ್ತಿತ್ತು.

"ಕಲ್ಲಿನಿಂದ ಕೇರಿ ತನಕ ಎಷ್ಟು ದೂರ ಗೊತ್ತಾ ಅವ್ವ?"

"ನಂಗೇನು ಗೊತ್ತು? ನಾನು ಹೋಗಿದ್ದೀನಾ?"

"ನೂರ ಎಪ್ಪತ್ತೆರಡು ಹೆಜ್ಜೆ."

ಯಲ್ಲಮ್ಮ ಬಾಗಿಲಿಗೆ ಒರಗಿಕೊಂಡೇ ನಿಂತಿದ್ದಳು. ಕೈ ಮೂಗಿನ ತುದಿಗೆ ಹೋಗಿತ್ತು.

"ಅಷ್ಟೇನಾ?" ಅಂದಳು.